ಸಿಲ್ಮರಿಲಿಯನ್ 40ನೇ ಪುಟದಲ್ಲಿ ನಿಂತಿದೆ, ಮುಂದೆ ಏನು ಓದಲಿ?

ಕೊಡಗಿನ ನಾಪೋಕ್ಲು ಕಡೆಯವರು, ಕನ್ನಡ ಮೀಡಿಯಂ, ತೇಜಸ್ವಿ ಪೂರ್ತಿ ಓದಿ ಮುಗಿಸಿದ್ದೀರಿ. ಇಂಗ್ಲಿಷಿನ ಫ್ಯಾಂಟಸಿ, ವಿಜ್ಞಾನ ಕಥೆಗಳಿಗೆ ಕೈಹಾಕಿ, ಟೋಲ್ಕಿನ್ ಹೇಳಿದ ಕಥೆಯನ್ನು ಬುಡದಿಂದಲೇ ಹಿಡಿಯೋಣ ಅಂತ ‘ದ ಸಿಲ್ಮರಿಲಿಯನ್’ ಕೊಂಡಿರಿ, 40 ಪುಟಕ್ಕೆ ಕೈಚೆಲ್ಲಿದಿರಿ. ಈಗ ‘ನೂರು ಶ್ರೇಷ್ಠ ಪುಸ್ತಕ’ಗಳ ಪಟ್ಟಿ ಹಿಡಿದು ಒಂದನೇ ನಂಬರಿನಿಂದ ಹೊರಡಲೇ ಅಂತ ಕೇಳುತ್ತಿದ್ದೀರಿ. ಒಂದು ಕಾಲಕ್ಕೆ ನನ್ನದೂ ಇದೇ ಪ್ರಶ್ನೆ. ಪಟ್ಟಿ ಬೇಡ. ಈ ಮಳೆಗಾಲಕ್ಕೆ ಮೂರು ಪುಸ್ತಕ ಸಾಕು. ಯಾವುವು ಅಂತ ಆಮೇಲೆ ಹೇಳುತ್ತೇನೆ, ಮೊದಲು ಸಿಲ್ಮರಿಲಿಯನ್ ಯಾಕೆ ನಿಂತಿತು ಅನ್ನೋದು ಇತ್ಯರ್ಥ ಆಗಲಿ. ನಿಮ್ಮ ಇಂಗ್ಲಿಷ್ ಕಮ್ಮಿ ಅಂತ ನೀವು ಬರೆದಿದ್ದೀರಲ್ಲ, ಅದು ಕಾರಣವೇ ಅಲ್ಲ.

ಟೋಲ್ಕಿನ್ ಕಟ್ಟಿದ ಲೋಕದ ಕಾಲಗಣನೆಯಲ್ಲಿ ಸಿಲ್ಮರಿಲಿಯನ್ ಮೊದಲು ಬರುತ್ತದೆ, ಸರಿ. ಆದರೆ ಅದು ಅಚ್ಚಾದದ್ದು 1977ರಲ್ಲಿ, ಟೋಲ್ಕಿನ್ ತೀರಿಕೊಂಡು ನಾಲ್ಕು ವರ್ಷ ಆದ ಮೇಲೆ. ಅಪ್ಪ ಬಿಟ್ಟುಹೋದ ಹಸ್ತಪ್ರತಿಗಳನ್ನು ಮಗ ಕ್ರಿಸ್ಟೋಫರ್ ಜೋಡಿಸಿ ಕೊಟ್ಟ ಪುಸ್ತಕ ಅದು. ‘ದ ಹಾಬಿಟ್’ ಬಂದದ್ದು 1937ರಲ್ಲಿ, ‘ದ ಲಾರ್ಡ್ ಆಫ್ ದ ರಿಂಗ್ಸ್’ 1954-55ರಲ್ಲಿ. ಸಿಲ್ಮರಿಲಿಯನ್ ಕೊಳ್ಳಲು ಅಂಗಡಿಗೆ ಹೋದವರು ಆಗಲೇ ಆ ಲೋಕದಲ್ಲಿ ಇಪ್ಪತ್ತು ವರ್ಷ ಓಡಾಡಿದ್ದವರು. ಅವರಿಗೆ ‘ಈ ಹಳೇ ಹೆಸರು ಎಲ್ಲಿಂದ ಬಂತು, ಆ ಹಾಡಿನಲ್ಲಿ ಬರುವ ರಾಜ ಯಾರು’ ಅನ್ನುವ ಕುತೂಹಲ ಇತ್ತು. ನಿಮಗೆ ಆ ಕುತೂಹಲ ಹುಟ್ಟಿಲ್ಲ, ಉತ್ತರ ಮಾತ್ರ ಕೈಗೆ ಬಂದಿದೆ. ಮದುವೆಗೆ ಬಂದ ನೆಂಟನನ್ನು ಊಟಕ್ಕೆ ಎಬ್ಬಿಸದೆ ಒಕ್ಕದ (ಮನೆತನದ) ವಂಶಾವಳಿ ಓದಲು ಕೂರಿಸಿದ ಹಾಗೆ.

ಹೆಸರುಗಳನ್ನೇ ನೋಡಿ. ಫಿನ್ವೆ ಅಂತ ಒಬ್ಬ ರಾಜ. ಅವನ ಮಕ್ಕಳಲ್ಲಿ ಒಬ್ಬ ಫಿಂಗೋಲ್ಫಿನ್, ಇನ್ನೊಬ್ಬ ಫಿನಾರ್ಫಿನ್. ಫಿಂಗೋಲ್ಫಿನ್‌ನ ಮಗ ಫಿಂಗೋನ್, ಫಿನಾರ್ಫಿನ್‌ನ ಮಗ ಫಿನ್‌ರೋಡ್. ಇವರು ಬರುವ ಮೊದಲೇ ದೇವತೆಗಳ ಒಂದು ದೊಡ್ಡ ಯಾದಿ ಬೇರೆ. ಇಂಗ್ಲಿಷ್ ಮಾತೃಭಾಷೆಯವರೂ ಇಲ್ಲಿ ಎಡವುತ್ತಾರೆ, ಹಿಂದಿನ ಪುಟ ತಿರುವಿ ವಂಶವೃಕ್ಷ ನೋಡುತ್ತಾರೆ.

ಹೊಸ ಓದುಗರ ದುಡ್ಡು, ಉತ್ಸಾಹ ಎರಡನ್ನೂ ತಿನ್ನುವ ತಪ್ಪು ಇದೊಂದೇ, ಹಾಗಾಗಿ ಸ್ವಲ್ಪ ಎಳೆದು ಹೇಳುತ್ತೇನೆ: ಕಥೆಯೊಳಗಿನ ಕಾಲಕ್ರಮ ಬೇರೆ, ಪುಸ್ತಕಗಳು ಅಚ್ಚಾಗಿ ಬಂದ ಕ್ರಮ ಬೇರೆ. ಓದಬೇಕಾದ್ದು ಎರಡನೆಯದರಂತೆ. ಸಿ. ಎಸ್. ಲೂಯಿಸ್ ಮಕ್ಕಳಿಗಾಗಿ ಬರೆದ ನಾರ್ನಿಯಾ ಸರಣಿಯ ಏಳು ಪುಸ್ತಕಗಳ ಡಬ್ಬ ಕೊಂಡರೆ ಬೆನ್ನಿನ ಮೇಲೆ 1 ಅಂತ ಇರುವುದು ‘ದ ಮ್ಯಾಜಿಶಿಯನ್ಸ್ ನೆಫ್ಯೂ’. ಅದು ಬಂದದ್ದು 1955ರಲ್ಲಿ, ಆರನೆಯದಾಗಿ. ಮೊದಲು ಬಂದದ್ದು 1950ರ ‘ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್’. ಅದರಲ್ಲಿ ಲೂಸಿ ಅನ್ನುವ ಹುಡುಗಿ ಬಟ್ಟೆ ಬೀರುವಿನೊಳಗೆ ಹೋಗುತ್ತಾಳೆ. ಕೋಟುಗಳನ್ನು ಸರಿಸುತ್ತ ಸರಿಸುತ್ತ ಕಾಲಡಿಗೆ ಹಿಮ ಸಿಗುತ್ತದೆ, ಕಾಡಿನ ನಡುವೆ ಒಂದು ಲಾಂದ್ರದ ಕಂಬ ಉರಿಯುತ್ತಾ ನಿಂತಿರುತ್ತದೆ. ಕಾಡಿನ ಮಧ್ಯೆ ಬೀದಿದೀಪ ಯಾಕೆ? ಆ ‘ಯಾಕೆ’ಯಲ್ಲೇ ಮಜಾ ಇರುವುದು. ಆ ಕಂಬ ಅಲ್ಲಿಗೆ ಹೇಗೆ ಬಂತು ಅನ್ನುವುದನ್ನು 1955ರ ಪುಸ್ತಕ ಹೇಳುತ್ತದೆ. ಡಬ್ಬದ ನಂಬರ್ ನಂಬಿ ಅದನ್ನೇ ಮೊದಲು ಓದಿದವರಿಗೆ ಲೂಸಿ ನೋಡುವುದು ಬರೀ ಒಂದು ಕಂಬ. ನಂಬರು ಪ್ರಕಾಶಕರು ಹಾಕಿದ್ದು ಕಥೆಯ ಕಾಲ ನೋಡಿ.

ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್‌ನ ‘ಫೌಂಡೇಶನ್’ ಸರಣಿ ಕೂಡ ಹೀಗೇ. ಮೂಲ ಮೂರು ಪುಸ್ತಕ 1951, 52, 53ರವು. ‘ಪ್ರಿಲ್ಯೂಡ್ ಟು ಫೌಂಡೇಶನ್’ 1988ರದು, ಹಳೇ ಓದುಗರಿಗಾಗಿ ಬರೆದದ್ದು. ಹೆಸರಲ್ಲಿ ‘ಪ್ರಿಲ್ಯೂಡ್’ ಇದೆ ಅಂತ ಮೊದಲು ಎತ್ತಿಕೊಳ್ಳಬೇಡಿ. ಅಂಗಡಿಯಲ್ಲಿ ನಿಂತೇ ಪರೀಕ್ಷೆ ಮಾಡಬಹುದು: ಟೈಟಲ್ ಪುಟ ಮಗುಚಿದರೆ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮೊದಲ ಮುದ್ರಣದ ವರ್ಷ ಇರುತ್ತದೆ. ಸರಣಿಯಲ್ಲಿ ಯಾವುದರ ವರ್ಷ ಹಳೆಯದೋ ಅದು ಬಾಗಿಲು. ಇದಕ್ಕೆ ನನ್ನ ಪ್ರಕಾರ ಒಂದೇ ದೊಡ್ಡ ಅಪವಾದ, ಟೆರ್ರಿ ಪ್ರ್ಯಾಟ್ಚೆಟ್‌ನ ಡಿಸ್ಕ್‌ವರ್ಲ್ಡ್. 41 ಕಾದಂಬರಿಗಳಿವೆ, ಮೊದಲ ಎರಡು ಬೇರೆ ಫ್ಯಾಂಟಸಿಗಳ ಗೇಲಿ. ಮೂಲ ಗೊತ್ತಿಲ್ಲದೆ ಗೇಲಿ ಓದಿ ಏನು ಪ್ರಯೋಜನ? ಅಲ್ಲಿ 1987ರ ‘ಮೋರ್ಟ್’ನಿಂದ ಶುರು ಮಾಡಿ. ಸಾವು ಒಬ್ಬ ಹಳ್ಳಿ ಹುಡುಗನನ್ನು ಕೆಲಸ ಕಲಿಯಲು ಇಟ್ಟುಕೊಳ್ಳುವ ಕಥೆ.

ನೂರರ ಪಟ್ಟಿಯ ತೊಂದರೆಯೂ ಇದೇ ಜಾತಿಯದು. ‘ಮುಖ್ಯ’ ಪುಸ್ತಕ ಎಲ್ಲವೂ ‘ಮೊದಲ’ ಪುಸ್ತಕ ಆಗುವುದಿಲ್ಲ. ‘ಡ್ಯೂನ್’ ದೊಡ್ಡ ಕಾದಂಬರಿ, ಅನುಮಾನವೇ ಇಲ್ಲ. ಕೊನೆಗೆ ಪದಕೋಶ ಇಟ್ಟುಕೊಂಡು ಬರುವ ಕಾದಂಬರಿಯನ್ನು ಎರಡನೇ ವರ್ಷಕ್ಕೆ ಇಡಿ. ಜಾರ್ಜ್ ಮಾರ್ಟಿನ್‌ನ ‘ಗೇಮ್ ಆಫ್ ಥ್ರೋನ್ಸ್’ ಸರಣಿ 1996ರಲ್ಲಿ ಶುರುವಾಯಿತು, ಐದನೇ ಪುಸ್ತಕ ಬಂದದ್ದು 2011ರಲ್ಲಿ, ಆರನೆಯದಕ್ಕೆ ಜನ ಕಾಯುತ್ತಲೇ ಇದ್ದಾರೆ. ಮುಗಿಯದ ಸರಣಿಗೆ ಹೊಸಬರು ಕೈಹಾಕಬಾರದು ಅನ್ನುವುದು ನನ್ನ ಹಟ.

ನೀವು ‘ಕರ್ವಾಲೊ’ ಓದಿದ್ದೀರಿ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಅದು ಜೀವವಿಕಾಸದ ಪಾಠದಿಂದ ಶುರುವಾಗುವುದಿಲ್ಲ. ಜೇನುತುಪ್ಪ, ಮಂದಣ್ಣ, ಅವನ ಮದುವೆಯ ರಾಮಾಯಣ, ಇವೆಲ್ಲ ಆಗಿ ಹಾರುವ ಓತಿ ಬರುವ ಹೊತ್ತಿಗೆ ನೀವು ಆಗಲೇ ಪೂರ್ತಿ ಒಳಗಿರುತ್ತೀರಿ. ನಿಮಗೆ ಬೇಕಾದ್ದು ಹೀಗೆ ಗೊತ್ತಿರುವ ಜಾಗದಿಂದ ಕೈಹಿಡಿದು ಕರೆದೊಯ್ಯುವ ಪುಸ್ತಕ.

ಮೊದಲನೆಯದು ‘ದ ಹಾಬಿಟ್’. ಮಕ್ಕಳ ಪುಸ್ತಕ ಅಂತ ಮೂಗು ಮುರಿಯಬೇಡಿ. ಹಾಬಿಟ್ ಅಂದರೆ ಗಿಡ್ಡ ಜಾತಿಯ ಜನ; ಅವರಲ್ಲೊಬ್ಬನಾದ ಬಿಲ್ಬೋನ ಮನೆಗೆ ಚಹಾದ ಹೊತ್ತಿಗೆ ಕರೆಯದೆ ಬಂದ ಅತಿಥಿಗಳಿಂದ ಕಥೆ ಶುರು. ಒಟ್ಟು ಹದಿಮೂರು ಕುಬ್ಜರು ಒಬ್ಬರ ಹಿಂದೊಬ್ಬರು ಬರುತ್ತಾರೆ, ಹೆಸರು ಬಾಯಿಪಾಠ ಮಾಡಲು ಹೋಗಬೇಡಿ. ಥೋರಿನ್, ಬಾಲಿನ್, ದಪ್ಪಗಿರುವ ಬೊಂಬುರ್, ಈ ಮೂವರು ಗೊತ್ತಿದ್ದರೆ ಕಥೆ ಸಾಗುತ್ತದೆ. ಐದನೇ ಅಧ್ಯಾಯದಲ್ಲಿ ಕತ್ತಲ ಗುಹೆಯೊಳಗೆ ಒಗಟಿನ ಪಂದ್ಯ ನಡೆಯುತ್ತದೆ, ಸೋತರೆ ಪ್ರಾಣವೇ ಹೋಗುತ್ತದೆ. ಅದನ್ನು ಓದಿಯೂ ನಿಮಗೆ ಏನೂ ಅನಿಸದಿದ್ದರೆ ಟೋಲ್ಕಿನ್ ನಿಮ್ಮವನಲ್ಲ, ಬಿಟ್ಟುಬಿಡಿ. ಹಿಡಿಸಿದರೆ ಮಾತ್ರ ‘ರಿಂಗ್ಸ್’ಗೆ ಹೋಗಿ. ಅಲ್ಲಿ ಹಾಬಿಟ್‌ಗಳ ಬಗೆಗಿನ ಮುನ್ನುಡಿಯನ್ನು ಹಾರಿಸಿ ಸೀದಾ ಬಿಲ್ಬೋನ 111ನೇ ಹುಟ್ಟುಹಬ್ಬಕ್ಕೆ ಬನ್ನಿ. ಹಾಡುಗಳನ್ನು ಬಿಟ್ಟು ಓದಿ ಅಂತ ಎಲ್ಲರೂ ಹೇಳುತ್ತಾರೆ. ಹುತ್ತರಿ ಹಬ್ಬಕ್ಕೆ ದುಡಿ ಬಡಿದು ಹಾಡುವ ದುಡಿಕೊಟ್ಟ್ ಪಾಟ್ ಕೇಳಿದವರಿಗೆ ಆ ಸಲಹೆ ಬೇಕಿಲ್ಲ. ಹಾಡಿನಲ್ಲೇ ಊರಿನ ಹಳೇ ಕಥೆ ಇರುತ್ತದೆ ಅಂತ ನಿಮಗೆ ಗೊತ್ತು, ಅಲ್ಲೂ ಹಾಗೇ. ಇದೆಲ್ಲ ಮುಗಿದ ಮೇಲೆ ಕಪಾಟಿನಿಂದ ಸಿಲ್ಮರಿಲಿಯನ್ ತೆಗೆದು 19ನೇ ಅಧ್ಯಾಯ ತೆರೆಯಿರಿ, ಬೆರೆನ್ ಮತ್ತು ಲೂಥಿಯೆನ್‌ರ ಕಥೆ. ಬಿಡಿಯಾಗಿ ಓದಿದರೂ ನಿಲ್ಲುತ್ತದೆ.

ಎರಡನೆಯದು ಅಸಿಮೋವ್‌ನ ‘ಐ, ರೋಬಾಟ್’, 1950ರ ಪುಸ್ತಕ, ಒಂಬತ್ತು ಕಥೆಗಳು. ರೋಬಾಟ್‌ಗೆ ಮೂರು ನಿಯಮ: ಮನುಷ್ಯರಿಗೆ ಹಾನಿ ಮಾಡಬಾರದು, ಆಗಲೂ ಬಿಡಬಾರದು; ಮೊದಲ ನಿಯಮಕ್ಕೆ ಅಡ್ಡಿಯಿಲ್ಲದಿದ್ದರೆ ಮನುಷ್ಯರು ಹೇಳಿದ್ದು ಕೇಳಬೇಕು; ಆ ಎರಡಕ್ಕೂ ಅಡ್ಡಿಯಿಲ್ಲದಿದ್ದರೆ ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಇಷ್ಟು ಚೆನ್ನಾದ ನಿಯಮ ಇದ್ದೂ ಎಲ್ಲಿ ಕೆಡುತ್ತದೆ ಅನ್ನುವುದೇ ಒಂದೊಂದು ಕಥೆ. ‘ರನ್‌ಅರೌಂಡ್’ನಲ್ಲಿ ಬುಧ ಗ್ರಹದ ಮೇಲೆ ಸ್ಪೀಡಿ ಅನ್ನುವ ರೋಬಾಟನ್ನು ಸೆಲೀನಿಯಂ ತರಲು ಕಳಿಸುತ್ತಾರೆ. ಆಜ್ಞೆಯನ್ನು ಸಲೀಸಾಗಿ, ಒತ್ತಿ ಹೇಳದೆ ಕೊಟ್ಟಿರುತ್ತಾರೆ. ಸ್ಪೀಡಿ ದುಬಾರಿ ಯಂತ್ರ, ಹಾಗಾಗಿ ಅದರ ಮೂರನೇ ನಿಯಮವನ್ನು ಬಿಗಿ ಮಾಡಿರುತ್ತಾರೆ. ಸೆಲೀನಿಯಂ ಹೊಂಡದ ಬಳಿ ಅಪಾಯವಿದೆ. ಹತ್ತಿರ ಹೋದರೆ ಮೂರನೇ ನಿಯಮ ಹಿಂದಕ್ಕೆ ಎಳೆಯುತ್ತದೆ, ದೂರ ಬಂದರೆ ಎರಡನೆಯದು ಮುಂದಕ್ಕೆ ತಳ್ಳುತ್ತದೆ. ಎರಡೂ ಸಮವಾಗುವ ದೂರದಲ್ಲಿ ಸ್ಪೀಡಿ ಕುಡಿದವರ ಹಾಗೆ ಹಾಡುತ್ತಾ ಹೊಂಡದ ಸುತ್ತ ಸುತ್ತುತ್ತದೆ. ಬಿಡಿಸುವುದು ಹೇಗೆ? ಪುಸ್ತಕ ಮುಚ್ಚಿ ಐದು ನಿಮಿಷ ನೀವೇ ಯೋಚಿಸಿ, ಉತ್ತರ ಆ ನಿಯಮಗಳಲ್ಲೇ ಇದೆ.

ಮೂರನೆಯದು ಆರ್ಥರ್ ಸಿ. ಕ್ಲಾರ್ಕ್‌ನ ‘ರಾಂಡೆವೂ ವಿತ್ ರಾಮ’, 1973. ಸುಮಾರು 50 ಕಿ.ಮೀ. ಉದ್ದದ ಒಂದು ಸಿಲಿಂಡರ್ ಸೌರವ್ಯೂಹದೊಳಗೆ ಬರುತ್ತದೆ. ಗ್ರೀಕ್, ರೋಮನ್ ದೇವತೆಗಳ ಹೆಸರು ಖರ್ಚಾಗಿ ಖಗೋಳದವರು ಹಿಂದೂ ದೇವರುಗಳ ಪಟ್ಟಿಗೆ ಬಂದಿದ್ದರಿಂದ ಅದಕ್ಕೆ ರಾಮ ಅಂತ ಹೆಸರು. ಖಳನಾಯಕ ಇಲ್ಲ, ಯುದ್ಧ ಇಲ್ಲ. ಗೊತ್ತಿಲ್ಲದ ಜಾಗಕ್ಕೆ ಟಾರ್ಚ್ ಹಿಡಿದು ಇಳಿಯುವುದು, ಅಷ್ಟೇ. ಓತಿ ಹುಡುಕಿಕೊಂಡು ಕಾಡಿಗೆ ಹೊರಟವರ ಜೊತೆ ಹೊರಟಿದ್ದ ನಿಮಗೆ ಇದು ಹಿಡಿಸದಿದ್ದರೆ ಆಶ್ಚರ್ಯ. ಅಧ್ಯಾಯಗಳು ಚಿಕ್ಕವು, ಕರೆಂಟು ಬಂದು ಹೋಗುವ ದಿನಗಳಿಗೆ ಸರಿಯಾದ ಅಳತೆ. ಮುಂದುವರಿದ ಭಾಗಗಳು ಇನ್ನೊಬ್ಬರ ಜೊತೆ ಸೇರಿ ಬರೆದವು, ನಾನು ಯಾರಿಗೂ ಹೇಳುವುದಿಲ್ಲ.

ಭಾಷೆಯ ಭಯಕ್ಕೆ ಒಂದು ಉಪಾಯ. ಈ ಬಗೆಯ ಪುಸ್ತಕದಲ್ಲಿ ಗೊತ್ತಿಲ್ಲದ ಪದ ಎರಡು ತರಹ. ದೊಡ್ಡಕ್ಷರದಿಂದ ಶುರುವಾಗಿ ಮತ್ತೆ ಮತ್ತೆ ಬರುವುದು ಸಾಮಾನ್ಯವಾಗಿ ಲೇಖಕನ ಸ್ವಂತ ಸೃಷ್ಟಿ. ಅದು ಡಿಕ್ಷನರಿಯಲ್ಲಿ ಸಿಗುವುದಿಲ್ಲ, ಸ್ವಲ್ಪ ಮುಂದೆ ಕಥೆಯೇ ಅರ್ಥ ಮಾಡಿಸುತ್ತದೆ, ದಾಟಿಕೊಂಡು ಹೋಗಿ. ಸಾದಾ ಇಂಗ್ಲಿಷ್ ಪದಗಳೇ ಪುಟಕ್ಕೆ ಆರೇಳು ತಡೆಯುತ್ತಿದ್ದರೆ ಮಾತ್ರ ಆ ಪುಸ್ತಕ ಸದ್ಯಕ್ಕೆ ಬೇಡ.

ವಿಜ್ಞಾನ ಕಥೆ ಕನ್ನಡದಲ್ಲೇ ಬೇಕೆಂದರೆ ರಾಜಶೇಖರ ಭೂಸನೂರಮಠರ ಕಥೆಗಳನ್ನೂ ಮನು ಅವರ ‘ಮಹಾಸಂಪರ್ಕ’ವನ್ನೂ ಗ್ರಂಥಾಲಯದಲ್ಲಿ ಕೇಳಿ. ‘ಮಹಾಸಂಪರ್ಕ’ ಮಹಾಭಾರತವನ್ನು ವಿಜ್ಞಾನದ ಕಣ್ಣಿನಿಂದ ನೋಡುವ ಕಾದಂಬರಿ.

ದುಡ್ಡು ಹಾಕದೆ ರುಚಿ ನೋಡಬೇಕೆಂದರೆ ಹಳೇ ವಿಜ್ಞಾನ ಕಥೆಗಾರರಾದ ಎಚ್. ಜಿ. ವೆಲ್ಸ್ ಮತ್ತು ಜೂಲ್ಸ್ ವೆರ್ನ್. ಇಬ್ಬರ ಕೃತಿಗಳಿಗೂ ನಮ್ಮಲ್ಲಿ ಕಾಪಿರೈಟ್ ಮುಗಿದಿದೆ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ವೆಲ್ಸ್‌ನಲ್ಲಿ 1897ರ ‘ದ ಇನ್‌ವಿಸಿಬಲ್ ಮ್ಯಾನ್’ ಮೊದಲು. ವೆರ್ನ್ ಫ್ರೆಂಚ್ ಲೇಖಕ, ಅಲ್ಲಿ ಅನುವಾದ ನೋಡಿ ಇಳಿಸಿಕೊಳ್ಳಿ. ‘ಟ್ವೆಂಟಿ ಥೌಸಂಡ್ ಲೀಗ್ಸ್’ನ ಮರ್ಸಿಯರ್ ಮಾಡಿದ ಹಳೇ ಇಂಗ್ಲಿಷ್ ಅನುವಾದದಲ್ಲಿ ಮೂಲದ ದೊಡ್ಡ ಭಾಗವೇ ಕತ್ತರಿಸಿಹೋಗಿದೆ, ಲೆಕ್ಕ ಅಳತೆಗಳೂ ತಪ್ಪಿವೆ. ಎಫ್. ಪಿ. ವಾಲ್ಟರ್ ಅನುವಾದವೂ ಅಲ್ಲೇ ಪುಕ್ಕಟೆ ಇದೆ, ಅದೇ ಇರಲಿ. ಅದಾದ ಮೇಲೆ ‘ದ ಮಿಸ್ಟೀರಿಯಸ್ ಐಲೆಂಡ್’ ಓದಿದರೆ ‘ಲೀಗ್ಸ್’ನಲ್ಲಿ ಬರುವ ಕ್ಯಾಪ್ಟನ್ ನೀಮೊ ಯಾರು ಅಂತ ಗೊತ್ತಾಗುತ್ತದೆ. ಸಂಬಂಧ ನಮ್ಮ ಶ್ರೀರಂಗಪಟ್ಟಣದವರೆಗೂ ಬರುತ್ತದೆ, ಕೊಡಗಿನ ಚಾವಡಿಯಲ್ಲಿ ಒಂದು ಸಂಜೆಯ ಜಗಳಕ್ಕೆ ಸಾಕು. ಇಲ್ಲೂ ಕ್ರಮ ತಪ್ಪಿಸಬೇಡಿ.

ಫೋನಿನಲ್ಲಿ ಓದುವುದಾದರೆ ಇದನ್ನೆಲ್ಲ ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ, ಕಕ್ಕಡದ (ಆಟಿಯ) ಜಡಿಮಳೆಯಲ್ಲಿ ನೆಟ್‌ವರ್ಕ್ ನಂಬಿ ಕೂರಬೇಡಿ. ಕಾಗದದ್ದಾದರೆ ‘ರಿಂಗ್ಸ್’ನ ಸಾವಿರ ಪುಟದ ಒಂದೇ ಸಂಪುಟ ಬೇಡ, ಮೂರು ಬಿಡಿ ಸಂಪುಟ ತೆಗೆದುಕೊಳ್ಳಿ: ಅಂಟಿನ ಬೈಂಡಿಂಗ್ ಥಂಡಿಗೆ ಸಡಿಲವಾಗಿ ದಪ್ಪ ಪುಸ್ತಕದ ಬೆನ್ನೇ ಮೊದಲು ಸೀಳುತ್ತದೆ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಒತ್ತೊತ್ತಾಗಿ ಜೋಡಿಸಬೇಡಿ, ನಡುವೆ ಗಾಳಿಯಾಡಲಿ. ಬೂಷ್ಟು ಬಂದರೆ ಒದ್ದೆ ಬಟ್ಟೆ ತಾಗಿಸದೆ, ಮಳೆ ಬಿಟ್ಟ ದಿನ ಜಗಲಿಯ ನೆರಳಿನಲ್ಲಿ ಪುಟ ಬಿಚ್ಚಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಒಣ ಬ್ರಶ್‌ನಿಂದ ಹೊರಗಡೆಯೇ ಉದುರಿಸಿ. ಮನೆಯೊಳಗೆ ಕೊಡವಿದರೆ ಪಕ್ಕದ ಪುಸ್ತಕಕ್ಕೂ ಹತ್ತುತ್ತದೆ.