ಸೆಕ್ಷನ್ 50 ಹಿಡ್ಕೊಂಡು ದಾರಿ ತಪ್ಪಿದ ಲೇಖನ

ನಮಸ್ಕಾರ, ಊರಿನ ಶಾಲೆ ಟ್ರಸ್ಟಿನವರ ಸಂಬಳ ಕೋರ್ಟು ಕಡಿತ ಮಾಡಬಹುದು ಅಂತ ನೀವು ನಮಗೆ ಬರೆದು ಕಳಿಸಿದ ಲೇಖನ ‘ಟ್ರಸ್ಟಿಗಳ ಸಂಬಳಕ್ಕೆ ಕೋರ್ಟ್ ಕತ್ತರಿ’ ಎರಡು ಸಲ ಓದಿದೆ, ಒಂದ್ಸಲ ಶಿರಸಿಯಲ್ಲಿ ನಮ್ಮ ಆಫೀಸಲ್ಲಿ, ಇನ್ನೊಂದ್ಸಲ ಕುಮಟಾ ಬಸ್ಸಲ್ಲಿ, ದೇವಿಮನೆ ಘಟ್ಟದ ತಿರುವಲ್ಲೂ ಓದಿಸ್ಕೊಂಡು ಹೋಯ್ತು ಅಂದ್ರೆ ಭಾಷೆ ಸಲೀಸಾಗಿದೆ ಅಂತ್ಲೇ ಲೆಕ್ಕ. ಆದ್ರೆ ಈಗಿರೋ ಹಾಗೆ ಹಾಕೋಕಾಗಲ್ಲ ಮಾರಾಯ್ರೆ.

ಇಡೀ ಲೇಖನ ನಿಂತಿರೋದು 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 50ನೇ ಸೆಕ್ಷನ್ ಮೇಲೆ. ಡೀಡಲ್ಲಿ, ಅಂದ್ರೆ ಟ್ರಸ್ಟ್ ಕಟ್ಟಿದ ಪತ್ರದಲ್ಲಿ, ಬರೆದಿಲ್ಲ ಅಂದ್ರೆ, ಹೊಣೆ ಒಪ್ಕೊಳ್ಳುವಾಗ ಫಲಾನುಭವಿ ಜೊತೆಗೋ ಕೋರ್ಟ್ ಜೊತೆಗೋ ಕರಾರು ಆಗಿಲ್ಲ ಅಂದ್ರೆ, ಟ್ರಸ್ಟಿಗೆ ಸಂಭಾವನೆ ಕೇಳೋ ಹಕ್ಕಿಲ್ಲ, ಇಷ್ಟು ಸರಿಯಾಗೇ ಬರ್ದಿದೀರಿ. ಅದೇ ಕಾಯ್ದೆಯ 1ನೇ ಸೆಕ್ಷನ್ ಓದ್ಲಿಲ್ವಾ? ಧಾರ್ಮಿಕ, ಧರ್ಮಾರ್ಥ ದತ್ತಿಗಳಿಗೆ, ಸಾರ್ವಜನಿಕ ಇರ್ಲಿ ಖಾಸಗಿ ಇರ್ಲಿ, ಈ ಕಾಯ್ದೆ ತಾಗಲ್ಲ ಅಂತ ಅಲ್ಲೇ ಇದೆ. ನೀವು ಬರೆದಿರೋದೋ ಊರಿನ ಶಾಲೆ ನಡೆಸೋ ಟ್ರಸ್ಟ್ ಬಗ್ಗೆ, ಅದು ಧರ್ಮಾರ್ಥದ್ದೇ. ಕಾರವಾರದ ಬಸ್ ಹತ್ತಿ ಯಲ್ಲಾಪುರದ ಟಿಕೆಟ್ ಕೇಳಿದಂಗಾಯ್ತು. ಪುಕ್ಕಟೆ ದುಡೀಬೇಕು ಅನ್ನೋ ತತ್ವವನ್ನ ಕೋರ್ಟುಗಳು ಧರ್ಮಾರ್ಥ ಟ್ರಸ್ಟಲ್ಲೂ ಗಮನಕ್ಕೆ ತಗೊಳ್ಳುತ್ವೆ, ಅದು ಬೇರೆ ಮಾತು, ಹಾಗಂತ ಸೆಕ್ಷನ್ನೇ ನೇರ ಬಂತು ಅನ್ನೋಕಾಗಲ್ಲ.

ನಿಮಗೆ ಬೇಕಿದ್ದದ್ದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್. ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್, ಇಲ್ಲಾ ಟ್ರಸ್ಟಲ್ಲಿ ಹಿತಾಸಕ್ತಿ ಇರೋ ಇಬ್ರೋ ಹೆಚ್ಚೋ ಜನ, ಕೋರ್ಟಿನ ಅನುಮತಿ ತಗೊಂಡು ದಾವೆ ಹಾಕ್ಬಹುದು (1976ರ ತಿದ್ದುಪಡಿಗೆ ಮುಂಚೆ ಆ ಇಬ್ರು ಅಡ್ವೊಕೇಟ್ ಜನರಲ್ ಒಪ್ಪಿಗೇನೇ ಬರಹದಲ್ಲಿ ತರಬೇಕಿತ್ತು). ಕೋರ್ಟು ಟ್ರಸ್ಟಿಯನ್ನ ತೆಗೀಬಹುದು, ಹೊಸಬ್ರನ್ನ ಹಾಕ್ಬಹುದು, ಲೆಕ್ಕ ಒಪ್ಪಿಸಿ ಅನ್ನಬಹುದು, ಟ್ರಸ್ಟ್ ನಡೆಸೋಕೆ ಒಂದು ಸ್ಕೀಮೇ, ಅಂದ್ರೆ ನಿಯಮಾವಳಿಯೇ, ಮಾಡಿ ಕೊಡಬಹುದು. ಸಂಬಳ ಅನ್ನೋ ಪದ ಆ ಪಟ್ಟಿಯಲ್ಲಿ ಹುಡುಕಿ, ಸಿಗಲ್ಲ. ಲೆಕ್ಕ ಕೇಳ್ತಾ, ಸ್ಕೀಮ್ ಬರೀತಾ ಕೋರ್ಟಿನ ಕೈ ಅಲ್ಲಿಗೆ ಹೋಗೋದು. ಹಾಗಾಗಿ ಸಂಬಳ ಕತ್ತರಿಸೋಕೆ ಕೋರ್ಟಿಗೆ ಇದೆ ಅಂತ ನೀವು ಬರೆದ ‘ಪರಮಾಧಿಕಾರ’ ಹೊಡೆದು ಹಾಕಿದೀನಿ, ನಾಲ್ಕು ಕಡೆ ಇತ್ತು.

ನೀವು ಉದಾಹರಣೆಗೆ ಕೊಟ್ಟ ಇಂಗ್ಲೆಂಡಿನ ನಾರ್ಫೋಕ್ ಕೇಸಂತೂ ತಲೆಕೆಳಗಾಗಿದೆ. 1981ರಲ್ಲಿ ಅಲ್ಲಿನ ಅಪೀಲು ಕೋರ್ಟು ಹೇಳಿದ್ದು, ಡೀಡಲ್ಲಿರೋ ಸಂಭಾವನೆಯನ್ನ *ಜಾಸ್ತಿ* ಮಾಡೋ ಅಧಿಕಾರ ತನಗಿದೆ ಅಂತ, ಅದೂ ಮನೆತನದ ಟ್ರಸ್ಟಲ್ಲಿ. ನೀವು ಕಡಿಮೆ ಮಾಡ್ತು ಅಂತ ಬರ್ದಿದೀರಿ. ಕೋರ್ಟು ನೋಡೋದು ಟ್ರಸ್ಟಿಗೆ ಪಾಠ ಕಲಿಸೋದನ್ನಲ್ಲ, ಟ್ರಸ್ಟ್ ಚೆನ್ನಾಗಿ ನಡೀಬೇಕಾದ್ರೆ ಯಾರು ಬೇಕು, ಅವರಿಗೆ ಎಷ್ಟು ಕೊಟ್ರೆ ಸಮಂಜಸ ಅನ್ನೋದನ್ನ. ನಿಮ್ಮ ಸಿಟ್ಟು ಇದನ್ನ ಕಾಣೋಕೆ ಬಿಟ್ಟಿಲ್ಲ. ಅತಿಯಾದ ಸಂಬಳದ ಉದಾಹರಣೆ ಬೇಕೇ ಬೇಕು ಅಂದ್ರೆ ಅಮೆರಿಕದ ಹವಾಯಿ ರಾಜ್ಯದ ಬಿಷಪ್ ಎಸ್ಟೇಟ್ ನೋಡಿ, ಅದೂ ಶಾಲೆ ನಡೆಸೋ ಟ್ರಸ್ಟೇ. 1990ರ ದಶಕದಲ್ಲಿ 5 ಟ್ರಸ್ಟಿಗಳಿಗೆ ವರ್ಷಕ್ಕೆ ತಲಾ ಹತ್ತಿರತ್ತಿರ 10 ಲಕ್ಷ ಡಾಲರ್, ಅವರನ್ನ ಆರಿಸ್ತಿದ್ದದ್ದು ಅಲ್ಲಿನ ಸುಪ್ರೀಂ ಕೋರ್ಟಿನ ಜಡ್ಜ್‌ಗಳೇ! 1999 ಮುಗಿಯೋದ್ರೊಳಗೆ ಐದೂ ಜನ ಹೊರಗೆ.

ಇನ್ನು ನಿಮ್ಮ ಲೇಖನದಲ್ಲಿ ಬರೋ ಆ ಶಾಲೆ ಟ್ರಸ್ಟಿನ ಕಾರ್ಯದರ್ಶಿ. ಶಾಲೆ ಕೆಲಸಕ್ಕೆ ಬೈಕಲ್ಲಿ ಓಡಾಡಿದ ಪೆಟ್ರೋಲ್ ದುಡ್ಡನ್ನ ‘ಲೂಟಿ’ ಅಂದಿದೀರಿ. ಕೈಯಿಂದ ಹಾಕಿದ ಖರ್ಚು ವಾಪಸ್ ತಗೊಳ್ಳೋದು ಸಂಭಾವನೆ ಅಲ್ಲ. ಅವರ ಹೆಸರನ್ನೂ ಹಾಕಿದೀರಿ, ಒಂದು ಫೋನ್ ಮಾಡಿ ಕೇಳಿದ್ರಾ? ನಾನು ಹೆಸರು ತೆಗ್ದಿದೀನಿ.

ಮೊದಲ ಮೂರು ಪ್ಯಾರಾ ‘ಧರ್ಮ ಎಂದರೇನು’ ಪೂರ್ತಿ ಬಿಡಿ. ಏಳನೇ ಪ್ಯಾರಾ ಮೇಲೆ ತನ್ನಿ, ಮಹಾಸಭೆಯಲ್ಲಿ ನೀವು ಲೆಕ್ಕದ ಪುಸ್ತಕ ಕೇಳಿದಾಗ ಕಪಾಟಿನ ಕೀ ಅಂಕೋಲಾದಲ್ಲಿ ಉಳೀತು ಅಂದ್ರಲ್ಲ ಅದು, ಇಡೀ ಲೇಖನದಲ್ಲಿ ಜೀವ ಇರೋದು ಅಲ್ಲೇ. ಅಂದಹಾಗೆ ಆ ಕೀ ಆಮೇಲೆ ಬಂತಾ? ಅದನ್ನೇ ಬರ್ದಿಲ್ವಲ್ಲ ನೀವು.