ಸೂರಕ್ಕಿಯ ಹೊಳಪು ಚಿತ್ರದಲ್ಲಿ ಬರಬೇಕಾದರೆ

ಲಾಲ್‌ಬಾಗ್‌ನಲ್ಲಿ ತೆಗೆದ ಗಂಡು ಸೂರಕ್ಕಿ ಬರೀ ಕಪ್ಪಾಗಿ, ಮಸುಕಾಗಿ ಬಂದಿದೆ ಎಂದು ಬರೆದಿದ್ದೀರಿ. ದೋಷ ಕ್ಯಾಮೆರಾದ್ದಲ್ಲ. ಆ ನೇರಳೆ ಮಿಂಚು ಗರಿಯ ಸೂಕ್ಷ್ಮ ಪದರಗಳು ಬೆಳಕನ್ನು ಪ್ರತಿಫಲಿಸುವುದರಿಂದ ಹುಟ್ಟುವಂಥದ್ದು. ಕೋನ ತಪ್ಪಿದರೆ ಹೊಳಪೂ ಮಾಯ. ಬೆಳಗಿನ ಎಳೆಬಿಸಿಲಿನಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಹಕ್ಕಿಯ ಹಿಂದೆ ಓಡಬೇಡಿ. ಅದು ಪದೇ ಪದೇ ಬರುವ ದಾಸವಾಳದ ಗಿಡವೊಂದನ್ನು ಗುರುತಿಸಿ, ಹೂವಿನ ತೊಟ್ಟಿಗೆ ಫೋಕಸ್ ಮಾಡಿ ಕಾಯಿರಿ. ಎಷ್ಟೋ ಸಲ ಅದು ಪಕ್ಕದ ಕಡ್ಡಿಯ ಮೇಲೆ ಕುಳಿತು, ಹೂವಿನ ಬುಡವನ್ನೇ ಚುಚ್ಚಿ ಮಕರಂದ ಹೀರುತ್ತದೆ. ನಿಮಗೆ ಬೇಕಾದ ಕ್ಷಣ ಅದೇ. ಷಟರ್ ವೇಗ 1/1000 ಸೆಕೆಂಡ್ ಇರಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿದರೂ ಚಿಂತೆಯಿಲ್ಲ. ತೂಗುವ ಗೂಡು ಕಂಡರೆ ಮಾತ್ರ ದೂರವಿರಿ. ಚಿತ್ರಕ್ಕೆ ಅಡ್ಡವೆಂದು ಎಲೆಗಳನ್ನು ಕಿತ್ತರೆ ಮರಿಗಳು ಬಿಸಿಲಿಗೂ ಕಾಗೆಗೂ ಈಡಾಗುತ್ತವೆ.