ಕೇಳಿ–ಹೇಳಿ: ಜೋಧಪುರದ ಜಸವಂತ ಥಡಾ ನೋಡಲು ಹೊರಟವರಿಗೆ

ಚಳಿಗಾಲದ ರಜೆ ಹತ್ತಿರವಾಗುತ್ತಿದ್ದಂತೆ ರಾಜಸ್ಥಾನ ಪ್ರವಾಸದ ಬಗ್ಗೆ ಪತ್ರಗಳು ಹೆಚ್ಚಾಗಿ ಬರುತ್ತಿವೆ. ಜೋಧಪುರದ ಅಮೃತಶಿಲೆಯ ರಾಜಸ್ಮಾರಕ ಜಸವಂತ ಥಡಾದ ಕುರಿತ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮೆಹ್ರಾನ್‌ಗಢ ಕೋಟೆ ನೋಡಿದ ಮೇಲೆ ಜಸವಂತ ಥಡಾಕ್ಕೆ ಇಪ್ಪತ್ತು ನಿಮಿಷ ಸಾಕು ಎಂದು ಟೂರಿನವರು ಹೇಳುತ್ತಾರೆ. ಅಷ್ಟು ಸಾಕೇ? (ದಾವಣಗೆರೆ)

ಉತ್ತರ: ಸಾಲದು. ಅದಕ್ಕಿಂತ ಮುಖ್ಯವಾಗಿ, ಕೋಟೆ ಮೊದಲು ಥಡಾ ಆಮೇಲೆ ಎಂಬ ಆ ಕ್ರಮವೇ ತಿರುಗುಮುರುಗು. ಕೋಟೆಯೊಳಗೆ ಕನಿಷ್ಠ ಮೂರು ಗಂಟೆ ನಡೆದು, ದಣಿದು, ಮಧ್ಯಾಹ್ನದ ಬಿಸಿಲಲ್ಲಿ ಥಡಾಕ್ಕೆ ಬಂದವರಿಗೆ ಕಾಣುವುದು ಕಣ್ಣು ಕುಕ್ಕುವ ಬಿಳಿ ಗೋಡೆಯಷ್ಟೇ. ಥಡಾ ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ ತೆರೆಯುತ್ತದೆ, ಸಂಜೆ 5ಕ್ಕೆ ಮುಚ್ಚುತ್ತದೆ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ಕೋಟೆಗೆ ಸುಮಾರು ಒಂದು ಕಿಲೋಮೀಟರ್ ಏರುದಾರಿ, ನಡೆದೇ ಹೋಗಬಹುದು. ಎರಡಕ್ಕೂ ಟಿಕೆಟ್ ಬೇರೆ ಬೇರೆ. ಆಟೊ ಗೊತ್ತುಮಾಡುವಾಗ 'ಮೊದಲು ಥಡಾ, ಆಮೇಲೆ ಕೋಟೆ' ಎಂದು ಬಿಡಿಸಿ ಹೇಳಿ. ಇಲ್ಲದಿದ್ದರೆ ಚಾಲಕರು ರೂಢಿಯಂತೆ ನೇರವಾಗಿ ಕೋಟೆಯ ಬಾಗಿಲಿಗೇ ಒಯ್ಯುತ್ತಾರೆ.

ಪ್ರಶ್ನೆ: ಔರಂಗಜೇಬನ ಕಾಲದ ಜಸವಂತ ಸಿಂಗನ ಸಮಾಧಿಯೇ ಇದು? ಒಳಗೆ ಗೋರಿ ಇದೆಯೇ? (ಧಾರವಾಡ)

ಉತ್ತರ: ಎರಡೂ ಅಲ್ಲ. 1658ರ ಧರ್ಮಾತ್ ಕಾಳಗದಲ್ಲಿ ಔರಂಗಜೇಬನ ವಿರುದ್ಧ ನಿಂತು, ಮುಂದೆ ಅವನ ಸೇವೆಯಲ್ಲೇ ಇದ್ದು 1678ರಲ್ಲಿ ದೂರದ ಖೈಬರ್ ಕಣಿವೆಯ ಬಳಿಯ ಜಮ್ರೂದ್‌ನಲ್ಲಿ ತೀರಿಕೊಂಡವನು ಮೊದಲನೆಯ ಜಸವಂತ ಸಿಂಗ್. ಥಡಾ ಇರುವುದು ಎರಡನೆಯ ಜಸವಂತ ಸಿಂಗನ ಹೆಸರಿನಲ್ಲಿ. ಈತ 1873ರಿಂದ 1895ರವರೆಗೆ ಮಾರವಾಡವನ್ನು, ಅಂದರೆ ಜೋಧಪುರ ರಾಜ್ಯವನ್ನು ಆಳಿದ. ಆರ್ಯ ಸಮಾಜದ ದಯಾನಂದ ಸರಸ್ವತಿಯವರನ್ನು 1883ರಲ್ಲಿ ಜೋಧಪುರಕ್ಕೆ ಕರೆಸಿಕೊಂಡಿದ್ದು ಈತನೇ. ಅವರು ಕಾಯಿಲೆ ಬಿದ್ದದ್ದು ಅಲ್ಲಿ, ಕೊನೆಯುಸಿರೆಳೆದದ್ದು ಅಜ್ಮೇರಿನಲ್ಲಿ. ಸ್ಮಾರಕ ಕಟ್ಟಿಸಿದವನು ಮಗ ಸರದಾರ ಸಿಂಗ್, 1899ರಲ್ಲಿ.

ಒಳಗೆ ಗೋರಿ ಇಲ್ಲ. ಜಸವಂತನ ಮನೆತನವಾದ ರಾಠೋಡ ರಾಜರಿಗೆ ದಹನ ಸಂಸ್ಕಾರ. ದಹನವಾದ ಜಾಗದಲ್ಲಿ ನೆನಪಿಗೆಂದು ಛತ್ರಿ (ಕಂಬಗಳ ಮೇಲೆ ಗುಮ್ಮಟವಿರುವ ಮಂಟಪ) ಇಲ್ಲವೇ ದೇಗುಲದಂಥ ಕಟ್ಟಡ ಎಬ್ಬಿಸುವುದು ಅಲ್ಲಿಯ ಪದ್ಧತಿ. ಆದ್ದರಿಂದ ಸಮಾಧಿಗಿಂತ ಸ್ಮಾರಕ ಎನ್ನುವುದೇ ಸರಿ. ಮುಖ್ಯ ಮಂಟಪದಲ್ಲಿ ಮಾರವಾಡದ ಅರಸರ ಚಿತ್ರಗಳನ್ನು ತೂಗುಹಾಕಿದ್ದಾರೆ. ಕಾಲಾನುಕ್ರಮದಲ್ಲಿ ಓದುತ್ತ ಹೋದರೆ ಇಬ್ಬರು ಜಸವಂತರ ಗೊಂದಲ ಅಲ್ಲೇ ತೀರುತ್ತದೆ.

ಪ್ರಶ್ನೆ: ಬಿಸಿಲು ಬಿದ್ದರೆ ಗೋಡೆಯ ಕಲ್ಲೇ ಬೆಳಗುತ್ತದೆ ಎಂದು ಓದಿದ್ದೆವು. ಕಳೆದ ಮೇ ತಿಂಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹೋದಾಗ ಹಾಗೇನೂ ಕಾಣಲಿಲ್ಲ. ಓದಿದ್ದು ಸುಳ್ಳೇ? (ಶಿವಮೊಗ್ಗ)

ಉತ್ತರ: ಸುಳ್ಳಲ್ಲ. ನೀವು ಹೋದ ತಿಂಗಳು, ಗಂಟೆ ಎರಡೂ ಅದಕ್ಕೆ ಒಗ್ಗುವಂಥವಲ್ಲ.

ಇಲ್ಲಿ ಬಳಸಿದ್ದು ಮಕರಾನಾದ ಅಮೃತಶಿಲೆ. ಜೋಧಪುರದಿಂದ ಫುಲೇರಾ ಕಡೆಗಿನ ರೈಲುದಾರಿಯಲ್ಲೇ ಮಕರಾನಾ ಸಿಗುತ್ತದೆ. ತಾಜ್ ಮಹಲಿಗೂ ಕೋಲ್ಕತ್ತದ ವಿಕ್ಟೋರಿಯಾ ಸ್ಮಾರಕಕ್ಕೂ ಹೋದದ್ದು ಅಲ್ಲಿಯದೇ ಕಲ್ಲು. ಅದು ಬಹುಪಾಲು ಕ್ಯಾಲ್ಸೈಟ್ ಎಂಬ ಶುದ್ಧ ಸುಣ್ಣದ ಖನಿಜ. ಬೆಳಕು ಅದರ ಮೇಲ್ಮೈಯಿಂದಲೇ ಪೂರ್ತಿ ಹಿಂದಿರುಗುವುದಿಲ್ಲ, ಸ್ವಲ್ಪ ಒಳಹೊಕ್ಕು ಹರಳುಗಳ ನಡುವೆ ಚದುರುತ್ತದೆ. ಕಲ್ಲು ದಪ್ಪವಾಗಿದ್ದರೆ ಆ ಬೆಳಕು ಒಳಗೇ ಉಡುಗಿಹೋಗುತ್ತದೆ. ತೆಳುವಾಗಿ ಸೀಳಿ ನಯಮಾಡಿದ್ದರೆ ಒಂದಂಶ ಆಚೆಬದಿಗೆ ದಾಟುತ್ತದೆ. ಥಡಾದ ಗೋಡೆಗಳಲ್ಲಿ ಅಂಥ ತೆಳು ಹಲಗೆಗಳಿವೆ. ಮನೆಯಲ್ಲಿ ತೆಳ್ಳನೆಯ ಬಿಳಿ ಅಮೃತಶಿಲೆಯ ತುಂಡು ಇದ್ದರೆ ಹಿಂದೆ ಮೊಬೈಲ್ ಟಾರ್ಚ್ ಒತ್ತಿ ಹಿಡಿದು ನೋಡಿ, ಅಂಚಿನಲ್ಲಿ ಹಳದಿ ಹೊಳಪು ಮೂಡುತ್ತದೆ. ಥಡಾದಲ್ಲಿ ಟಾರ್ಚಿನ ಕೆಲಸ ಮಾಡುವುದು ಸೂರ್ಯ. ಆದ್ದರಿಂದ ಬಿಸಿಲು ಗೋಡೆಗೆ ನೇರವಾಗಿ ಬೀಳಬೇಕು.

ಜೋಧಪುರ 26 ಡಿಗ್ರಿ ಉತ್ತರ ಅಕ್ಷಾಂಶದ ಆಚೀಚೆ ಇದೆ. ಮೇ ಕೊನೆ, ಜೂನ್‌ನಲ್ಲಿ ನಡುಹಗಲ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ. ಬಿಸಿಲೆಲ್ಲ ಗುಮ್ಮಟಕ್ಕೆ, ನೆಲಕ್ಕೆ. ನೆಟ್ಟಗಿನ ಗೋಡೆಗೆ ಅದು ಸವರಿಕೊಂಡು ಹೋಗುತ್ತದೆ ಅಷ್ಟೆ. ಸಾಲದ್ದಕ್ಕೆ ಆ ತಿಂಗಳುಗಳಲ್ಲಿ ಆಂಧಿ ಎಂಬ ಬಿರುಗಾಳಿ ಎದ್ದು ಗಾಳಿಯಲ್ಲಿ ದೂಳು ತುಂಬಿರುತ್ತದೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಲ್ಲೂ ಸೂರ್ಯ 40 ಡಿಗ್ರಿಯಷ್ಟೇ ಮೇಲೇರುವುದು. ಬೆಳಿಗ್ಗೆ ಒಂಬತ್ತೂವರೆಗಂತೂ ಇನ್ನೂ ತೀರಾ ಕೆಳಗೆ. ಬಿಸಿಲು ಗೋಡೆಗೇ ಬಂದು ತಾಗುತ್ತದೆ. ನಮ್ಮ ಸಲಹೆ ಇಷ್ಟು: ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರಗಳವರೆಗೆ, ಬೆಳಿಗ್ಗೆ 9ರಿಂದ 10.30.

ಹೊರಗಿನ ಬಿಸಿಲಿನಿಂದ ಒಳಗೆ ಬಂದವರ ಕಣ್ಣಿಗೆ ಮೊದಲು ಏನೂ ಹೊಳೆಯದು. ಬಹಳಷ್ಟು ಜನ ಈ ಹಂತದಲ್ಲೇ ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ಐದು ನಿಮಿಷ ಒಳಗೇ ನಿಲ್ಲಿ. ಹೊರಗಿನಿಂದ ಬಿಸಿಲು ತಾಗುತ್ತಿರುವ ಗೋಡೆ ಯಾವುದೆಂದು ಮೊದಲೇ ನೋಡಿಕೊಂಡು ಅದಕ್ಕೇ ಮುಖಮಾಡಿ. ಜಾಲಂಧ್ರದ ತೂತುಗಳ ಪ್ರಖರ ಬೆಳಕನ್ನು ಕೈಯಿಂದ ಮರೆಮಾಡಿದರೆ ಪಕ್ಕದ ಕಲ್ಲಿನ ಬೆಚ್ಚನೆಯ ಜೇನುಬಣ್ಣ ತಾನಾಗಿ ಕಾಣುತ್ತದೆ. ಇದನ್ನು ನೋಡದೆ ಬಂದರೆ ಥಡಾದ ಅರ್ಧ ಭಾಗ ನೋಡದ ಹಾಗೆಯೇ ಎಂದು ನಾವು ಖಂಡಿತವಾಗಿ ಹೇಳುತ್ತೇವೆ.

ಪ್ರಶ್ನೆ: ಫೋಟೊದಲ್ಲಿ ಅಮೃತಶಿಲೆ ಯಾವಾಗಲೂ ಬೂದುಬಣ್ಣಕ್ಕೆ ಬರುತ್ತದೆ. ಏನು ಮಾಡಬೇಕು? (ಮೈಸೂರು)

ಉತ್ತರ: ಕ್ಯಾಮೆರಾ ಎದುರಿನ ದೃಶ್ಯವನ್ನು ನಡುಮಟ್ಟದ ಬೂದು ಎಂದುಕೊಂಡು ಬೆಳಕನ್ನು ಅಳೆಯುತ್ತದೆ. ಚೌಕಟ್ಟಿನ ತುಂಬ ಬಿಳಿಯೇ ಇದ್ದರೆ 'ಬೆಳಕು ಹೆಚ್ಚಾಯಿತು' ಎಂದು ತಗ್ಗಿಸಿಬಿಡುತ್ತದೆ. ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು +0.7ರಿಂದ +1ಕ್ಕೆ ಏರಿಸಿ. ಮೊಬೈಲಿನಲ್ಲಾದರೆ ಕಲ್ಲಿನ ಮೇಲೆ ಬೆರಳೊತ್ತಿ ಲಾಕ್ ಮಾಡಿ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಕೆತ್ತನೆಯ ಗೆರೆಗಳು ಅಳಿಸತೊಡಗಿದರೆ ಹೆಚ್ಚಾಯಿತೆಂದು ಅರ್ಥ. ಒಳಗೆ, ಬಣ್ಣವನ್ನು ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೊದಲ್ಲಿ ಬಿಡಬೇಡಿ. ಆ ಜೇನುಬಣ್ಣವನ್ನು ಅದು ದೋಷವೆಂದು ತಿಳಿದು ತಿದ್ದಿಬಿಡುತ್ತದೆ. ಡೇಲೈಟ್‌ಗೆ ಇಡಿ. ಫ್ಲ್ಯಾಶ್ ಹಾಕಿದರೆ ಕಲ್ಲಿನ ಮೂಲಕ ಬಂದ ಬೆಳಕೇ ಮುಚ್ಚಿಹೋಗುತ್ತದೆ.

ಥಡಾ ಇರುವುದು ಕೋಟೆಯ ಈಶಾನ್ಯಕ್ಕೆ. ಹಾಗಾಗಿ ಥಡಾದಿಂದ ಕೋಟೆಯ ಚಿತ್ರ ಬೆಳಿಗ್ಗೆ ಚೆನ್ನ, ಸೂರ್ಯ ನಿಮ್ಮ ಬೆನ್ನ ಕಡೆಗಿರುತ್ತಾನೆ. ಕೋಟೆಯ ಮೇಲಿನಿಂದ ಥಡಾದ ಚಿತ್ರ ಸಂಜೆ ಚೆನ್ನ.

ಪ್ರಶ್ನೆ: ಎಪ್ಪತ್ತು ದಾಟಿದ ತಂದೆತಾಯಿ ಜೊತೆಗಿರುತ್ತಾರೆ. ಏನೆಲ್ಲ ಗಮನಿಸಬೇಕು? (ಬಾಗಲಕೋಟೆ)

ಉತ್ತರ: ಆಟೊ ಹೊರಬಾಗಿಲವರೆಗೆ ಬರುತ್ತದೆ. ಮುಂದೆ ನಡಿಗೆ, ಆಮೇಲೆ ಮೆಟ್ಟಿಲು. ಮಂಡಿನೋವು ಇದ್ದವರು ಉದ್ಯಾನದಲ್ಲಿ ಕುಳಿತು ಹೊರನೋಟವನ್ನೂ ದೇವಕುಂಡ ಕೆರೆಯನ್ನೂ ನೋಡಬಹುದು. ಒಳಗೆ ಹೋಗುವ ಮುನ್ನ ಪಾದರಕ್ಷೆ ಬಿಡಬೇಕು. ಬಿಳಿ ಅಮೃತಶಿಲೆ ಅಷ್ಟಾಗಿ ಕಾಯುವುದಿಲ್ಲ, ಹೊರಗಿನ ಕೆಂಪು ಮರಳುಗಲ್ಲು ಬೇಸಿಗೆಯಲ್ಲಿ ಕಾಲು ಸುಡುತ್ತದೆ. ಚಳಿಗಾಲದ ಬೆಳಿಗ್ಗೆ ಎರಡೂ ಕೊರೆಯುತ್ತವೆ. ದಪ್ಪ ಹತ್ತಿಯ ಕಾಲುಚೀಲ ಎರಡಕ್ಕೂ ಮದ್ದು, ಆದರೆ ನಯವಾದ ನೆಲದಲ್ಲಿ ಜಾರದಂತೆ ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವುದನ್ನೇ ಕೊಳ್ಳಿ.

ಇನ್ನೊಂದು ವಿನಂತಿ, ಇದು ಎಲ್ಲರಿಗೂ. ಗೌರವದಿಂದಲೇ ಆದರೂ ಅಲ್ಲಿ ಕುಂಕುಮ, ಅರಿಸಿನ, ಎಣ್ಣೆ ಹಚ್ಚಬೇಡಿ. ಕಲ್ಲಿನ ರಂಧ್ರಕ್ಕಿಳಿದ ಬಣ್ಣ ಹೋಗುವುದಿಲ್ಲ. ನಿಂಬೆಶರಬತ್ತು, ತಂಪುಪಾನೀಯ ಚೆಲ್ಲಿದರೆ ಆಮ್ಲ ಕ್ಯಾಲ್ಸೈಟನ್ನೇ ಕರಗಿಸಿ ನಯವಾದ ಮೈ ಮಂಕಾಗುತ್ತದೆ. ಅದು ಒರೆಸಿದರೆ ಹೋಗುವ ಕಲೆಯಲ್ಲ. ನೀರು ಮಾತ್ರ ಒಯ್ಯಿರಿ.

ಪ್ರಶ್ನೆ: ಹತ್ತಿರದಲ್ಲಿ ಮತ್ತೇನು ನೋಡಬಹುದು? ಹುಬ್ಬಳ್ಳಿಯಿಂದ ರೈಲಿದೆಯೇ? (ಹುಬ್ಬಳ್ಳಿ)

ಉತ್ತರ: ಅರ್ಧ ದಿನ ಇದ್ದರೆ ಮಂಡೋರ್‌ಗೆ ಹೋಗಿ. ನಗರದ ಉತ್ತರಕ್ಕೆ ಸುಮಾರು 9 ಕಿಲೋಮೀಟರ್. ಮಾರವಾಡದ ಹಳೆಯ ರಾಜಧಾನಿ ಅದು. ಎರಡನೆಯ ಜಸವಂತನಿಗಿಂತ ಮೊದಲಿನ ರಾಜರ ಸ್ಮಾರಕಗಳು ಅಲ್ಲಿವೆ. ಕೆಂಪು ಮರಳುಗಲ್ಲಿನ, ಶಿಖರವಿರುವ ದೇಗುಲಗಳಂತೆ ಅವನ್ನು ಕಟ್ಟಿದ್ದಾರೆ. 1724ರಲ್ಲಿ ತೀರಿಕೊಂಡ ಅಜಿತ್ ಸಿಂಗನದು ಎಲ್ಲಕ್ಕಿಂತ ದೊಡ್ಡದು. ಥಡಾ ನೋಡಿ ಮಂಡೋರ್ ನೋಡಿದರೆ ಒಂದೇ ಮನೆತನದ ಕಟ್ಟುವ ಬಗೆ ಎಷ್ಟು ಬದಲಾಯಿತೆಂದು ಕಣ್ಣಿಗೇ ಕಟ್ಟುತ್ತದೆ. ಅಲ್ಲಿ ಲಂಗೂರ್‌ಗಳ ಕಾಟವಿದೆ, ತಿಂಡಿಯ ಚೀಲ ಕೈಯಲ್ಲಿ ಹಿಡಿಯಬೇಡಿ.

ಸಮಯ ಕಡಿಮೆಯಿದ್ದರೆ ಕೋಟೆಯ ಬುಡದಲ್ಲೇ ಇರುವ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ ಸಾಕು. ಬಳ್ಳಾರಿ ಜಾಲಿಯನ್ನು ಬೇರುಸಹಿತ ತೆಗೆದು ಬಂಡೆಗಳ ನಡುವೆ ಥಾರ್‌ನ ಮೂಲ ಗಿಡಗಳನ್ನು ಮರಳಿ ಬೆಳೆಸಿದ್ದಾರೆ. ಬಯಲುಸೀಮೆಯಲ್ಲಿ ಜಾಲಿಯ ಹಾವಳಿ ಕಂಡವರಿಗೆ ಆ ಶ್ರಮದ ಬೆಲೆ ತಿಳಿಯುತ್ತದೆ.

ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಪುಣೆ, ಅಹಮದಾಬಾದ್ ಮೇಲಾಗಿ ಜೋಧಪುರಕ್ಕೆ ನೇರ ರೈಲಿದೆ. ದಿನವೂ ಇಲ್ಲ, ಯಾವ ದಿನಗಳಲ್ಲಿ ಇದೆಯೆಂದು ನೋಡಿಕೊಂಡೇ ಯೋಜನೆ ಹಾಕಿ. ನಮ್ಮ ಊರುಗಳಲ್ಲಿ ಅಂಗಡಿ ಇಟ್ಟಿರುವ ಮಾರವಾಡಿ ಕುಟುಂಬಗಳು ತವರಿಗೆ ಹೋಗಿಬರುವ ರೈಲು ಇದಾದ್ದರಿಂದ ದೀಪಾವಳಿ, ಹೋಳಿ ಮತ್ತು ಮದುವೆಯ ದಿನಗಳಲ್ಲಿ ಸೀಟು ಸಿಗುವುದು ಕಷ್ಟ. ಮುಂಗಡ ಕಾಯ್ದಿರಿಸುವಿಕೆ ತೆರೆದ ದಿನವೇ ಹೋಗುವ, ಬರುವ ಎರಡೂ ಟಿಕೆಟ್ ತೆಗೆದಿಡಿ.